ಲೂಸಾದ ಲೆಟ್-ಆಫ್ ಸ್ಕ್ರೂ: ಮಲೆನಾಡಿನ ಪಿಯಾನೋ ಇರುವವರಿಗೆ

ಸಕಲೇಶಪುರ, ಮೂಡಿಗೆರೆ ಕಡೆ ಹಳೆಯ ಅಪ್‌ರೈಟ್ ಪಿಯಾನೋ ಇಟ್ಟುಕೊಂಡವರು ಆಕ್ಷನ್ನಿನ (ಕೀ ಒತ್ತಿದಾಗ ತಂತಿ ಬಡಿಯುವ ಒಳಗಿನ ಮರದ ಯಂತ್ರ) ಸ್ಕ್ರೂಗಳನ್ನು ಮಳೆಗಾಲದಲ್ಲಿ ಪರೀಕ್ಷಿಸಿ ಪ್ರಯೋಜನವಿಲ್ಲ. ಜುಲೈನಲ್ಲಿ ಮರ ತೇವ ಹೀರಿ ಉಬ್ಬಿರುತ್ತದೆ, ಮುಟ್ಟಿದ್ದೆಲ್ಲ ಬಿಗಿ. ಫೆಬ್ರುವರಿ, ಮಾರ್ಚಿನಲ್ಲಿ ಮರ ಒಣಗಿದಾಗ ನೋಡಬೇಕು. ಉಬ್ಬುವ ಮರ ಸ್ಕ್ರೂವಿನ ಲೋಹಕ್ಕೆ ಒತ್ತಿಕೊಂಡು ನಾರು ನಜ್ಜಾಗುತ್ತದೆ. ಬೇಸಿಗೆಯಲ್ಲಿ ಮರ ಕುಗ್ಗಿದಾಗ ಆ ನಾರು ಮತ್ತೆ ಹಿಡಿದುಕೊಳ್ಳುವುದಿಲ್ಲ. ವರ್ಷದಿಂದ ವರ್ಷಕ್ಕೆ ತೂತು ಸಡಿಲವಾಗುತ್ತಾ ಹೋಗುತ್ತದೆ.

ಹೆಚ್ಚು ಕಾಟ ಕೊಡುವುದು ಲೆಟ್-ಆಫ್ ಸ್ಕ್ರೂ. ಕೀಗೊಂದರಂತೆ ಸಾಮಾನ್ಯವಾಗಿ 88 ಇರುತ್ತವೆ. ಮೇಲ್ತುದಿಯಲ್ಲಿ ಚಿಕ್ಕ ಬಳೆ, ಕೆಳತುದಿಯಲ್ಲಿ ಫೆಲ್ಟ್ ಅಂಟಿಸಿದ ಮರದ ಬಟನ್. ಕೀ ಒತ್ತಿದಾಗ ಜ್ಯಾಕ್ ಎಂಬ ಚಿಕ್ಕ ಮರದ ತುಂಡು ಹ್ಯಾಮರನ್ನು (ತಂತಿ ಬಡಿಯುವ ಫೆಲ್ಟಿನ ಸುತ್ತಿಗೆ) ತಳ್ಳುತ್ತದೆ. ಜ್ಯಾಕಿನ ಮೂತಿ ಆ ಬಟನ್ನಿಗೆ ತಾಗಿ, ಹ್ಯಾಮರ್ ತಂತಿಯಿಂದ ಸುಮಾರು 3 ಮಿ.ಮೀ. ದೂರವಿರುವಾಗಲೇ ಜ್ಯಾಕ್ ಜಾರಿಕೊಳ್ಳಬೇಕು. ಸ್ಕ್ರೂ ಸಡಿಲವಾಗಿದ್ದರೆ ನುಡಿಸುವಾಗಿನ ಅದುರಿಗೆ ತಾನೇ ತಿರುಗಿ ಬಟನ್ ಮೇಲೇರಬಹುದು. ಆಗ ಜ್ಯಾಕ್ ತಡವಾಗಿ ಜಾರುತ್ತದೆ, ಇಲ್ಲವೇ ಜಾರುವುದೇ ಇಲ್ಲ. ಹ್ಯಾಮರ್ ತಂತಿಗೇ ಒತ್ತಿಕೊಂಡು ಸ್ವರ ಅಲ್ಲೇ ಸತ್ತುಹೋಗುತ್ತದೆ.

ಬಳೆಯನ್ನು ಬೆರಳಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ಥ್ರೆಡ್ ಹೋಗಿದೆ ಎಂದೇ ಅರ್ಥ.

ಬಡಗಿಯವರು ಮೊದಲು ಹೇಳುವ ಉಪಾಯ ಬೆಂಕಿಕಡ್ಡಿ ತುರುಕುವುದು. ಬಾಗಿಲಿನ ಹಿಂಜಿಗೆ ಅದು ಸರಿ, ಇಲ್ಲಿ ದಯವಿಟ್ಟು ಬೇಡ. ಕಡ್ಡಿ ಒಂದೇ ಬದಿಯಿಂದ ತಳ್ಳುವುದರಿಂದ ಸ್ಕ್ರೂ ಓರೆಯಾಗುತ್ತದೆ, ಬಟನ್ ಜ್ಯಾಕಿನ ನೇರಕ್ಕೆ ನಿಲ್ಲುವುದಿಲ್ಲ.

ಆಕ್ಷನ್ ಹೊರತೆಗೆದು (ಇಬ್ಬರು ಬೇಕು, ಹ್ಯಾಮರ್‌ಗಳು ಎಲ್ಲೂ ತಗಲಬಾರದು) ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಬಟನ್ ಮೆಲ್ಲಗೆ ತಿರುಗಿಸಿ ಬಿಚ್ಚಿ. ಹಳೆಯ ಬಟನ್ ಬೇಗ ಸೀಳುತ್ತದೆ, ಇಕ್ಕಳದಲ್ಲಿ ಹಿಸುಕಬೇಡಿ. ಸ್ಕ್ರೂ ಮೇಲಿನಿಂದ ಪೂರ್ತಿ ಹೊರಗೆ ಬರಲಿ. ತೂತಿಗೆ ಫೆವಿಕ್ವಿಕ್‌ನಂಥ ನೀರಾದ ಅಂಟು ಒಂದೇ ಹನಿ, ಸೂಜಿಮೊನೆಯ ನಳಿಕೆಯಿಂದ. ಕೆಳಗೆ ಹಳೆಯ ಬಟ್ಟೆ ಹಾಸಿರಿ. ಅಂಟು ಹರಿದು ಫ್ಲೇಂಜಿನ (ಕೀಲಿನ ಮರದ ತುಂಡು) ಬಟ್ಟೆಗೋ ಅದರ ಸೆಂಟರ್ ಪಿನ್ನಿಗೋ ತಾಗಿತೆಂದರೆ ಆ ಕೀ ಕಲ್ಲಿನಂತೆ ನಿಂತುಬಿಡುತ್ತದೆ, ಆ ರಿಪೇರಿ ಇದಕ್ಕಿಂತ ದೊಡ್ಡದು. ಕಿಟಕಿ ತೆರೆದಿರಲಿ, ಹೊಗೆ ಕಣ್ಣು ಉರಿಸುತ್ತದೆ.

ಒಂದು ರಾತ್ರಿ ಬಿಡಿ. ಸ್ಕ್ರೂ ಒಳಗಿರುವಾಗಲೇ ಅಂಟು ಹನಿಸಿಬಿಡುವವರಿದ್ದಾರೆ. ಅಂಟು ಸ್ಕ್ರೂವನ್ನು ಹಿಡಿದುಕೊಂಡರೆ ಮುಂದೆ ಅದನ್ನು ತಿರುಗಿಸುವುದೇ ಕಷ್ಟ. ಒಣಗಿದ ತೂತಿನಲ್ಲಿ ಸ್ಕ್ರೂ ತಾನೇ ಹೊಸ ಥ್ರೆಡ್ ಕಡಿದುಕೊಳ್ಳುತ್ತದೆ. ತೂತು ತೀರಾ ಅಗಲವಾಗಿದ್ದರೆ ಗಟ್ಟಿ ಮರದ ಬಿರಡೆ ಅಂಟಿಸಿ ಹೊಸದಾಗಿ ಕೊರೆಯುವುದೇ ದಾರಿ.

ಹೊಂದಿಸುವ ಮೊದಲು ಫ್ಲೇಂಜ್ ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿ, ಕೀಗೂ ಹ್ಯಾಮರ್‌ಗೂ ನಡುವಿನ ಸಡಿಲವನ್ನು ತೆಗೆಯಿರಿ. ಆಮೇಲೆ ಲೆಟ್-ಆಫ್. ಕೀಯನ್ನು ನಿಧಾನವಾಗಿ ಒತ್ತಿ, ಹ್ಯಾಮರ್ ವಾಪಸ್ ಬೀಳುವ ಜಾಗ ನೋಡಿ. ತಂತಿಗೆ ತೀರಾ ಹತ್ತಿರವಾದರೆ ಬಟನ್ ಕೆಳಗಿಳಿಸಿ, ದೂರದಲ್ಲೇ ಬಿದ್ದರೆ ಮೇಲೆತ್ತಿ. ಸಲಕ್ಕೆ ಕಾಲು ಸುತ್ತು ಸಾಕು.