ನಾಲ್ಕನೇ ಜೋಡಿ ನಾನೇ

ಮೊನ್ನೆ ನಮ್ಮ ಫಾರ್ಮೇಷನ್ ಡ್ಯಾನ್ಸ್ ಅಭ್ಯಾಸದ ವಿಡಿಯೊ ನೋಡಿದೆ. ಹಲವು ಜೋಡಿಗಳು ಒಟ್ಟಿಗೆ ವಿನ್ಯಾಸ ಮೂಡಿಸುತ್ತಾ ಕುಣಿಯುವ ಬಾಲ್‌ರೂಮ್ ನೃತ್ಯ ಇದು. ಮೇಲಿನ ಗ್ಯಾಲರಿಯಿಂದ ತೆಗೆದದ್ದು. ಎಂಟು ಜೋಡಿಯೂ ಓರೆಯಾಗಿ ಒಂದೇ ಗೆರೆಯಲ್ಲಿರಬೇಕಿತ್ತು. ಏಳು ಸರಿಯಾಗಿದ್ದವು. ನಾಲ್ಕನೆಯದು ಒಂದಡಿ ಮುಂದೆ. ಆ ನಾಲ್ಕನೇ ಜೋಡಿ ನಾವು.

ಬೇಜಾರಾಯ್ತು. ನಾವಿಬ್ಬರೇ ಕುಣಿಯುತ್ತಿದ್ದಾಗ ಎಲ್ಲರೂ ಹೊಗಳುತ್ತಿದ್ದದ್ದೇ ನನ್ನ ಉದ್ದ ಹೆಜ್ಜೆಯನ್ನು. ಸ್ಲೋ ಫಾಕ್ಸ್‌ಟ್ರಾಟ್ ಅನ್ನೋ ಜೋಡಿ ನೃತ್ಯ ಅಂದ್ರೆ ಹಾಗೆ ಜಾರಿಕೊಂಡು ಹೋದರೇ ಚೆಂದ, ಅಲ್ವಾ? ಫಾರ್ಮೇಷನ್‌ನಲ್ಲಿ ಅದೇ ತಪ್ಪು. 1932ರಲ್ಲಿ ಲಂಡನ್ನಿನಲ್ಲಿ ನೃತ್ಯ ಶಿಕ್ಷಕಿ ಆಲಿವ್ ರಿಪ್‌ಮನ್ ಇದನ್ನು ಶುರು ಮಾಡಿದಾಗ ‘ಪ್ಯಾಟರ್ನ್ ಡ್ಯಾನ್ಸಿಂಗ್’ ಅನ್ನುತ್ತಿದ್ದರಂತೆ. ಸರಿಯಾದ ಹೆಸರು. ಮೇಲಿಂದ ನೋಡಿದರೆ ನಾವೆಲ್ಲ ರಂಗೋಲಿಯ ಚುಕ್ಕಿಗಳು, ಅಷ್ಟೇ.

ನಮ್ಮದು ಸ್ಟ್ಯಾಂಡರ್ಡ್ ತಂಡ, ಅಂದರೆ ಒಬ್ಬರನ್ನೊಬ್ಬರು ಹಿಡಿದುಕೊಂಡೇ ಕುಣಿಯುವ ನೃತ್ಯಗಳು. ವಾಲ್ಟ್ಜ್, ಟ್ಯಾಂಗೊ, ವಿಯೆನ್ನೀಸ್ ವಾಲ್ಟ್ಜ್, ಫಾಕ್ಸ್‌ಟ್ರಾಟ್, ಕ್ವಿಕ್‌ಸ್ಟೆಪ್ ಎಲ್ಲ ಒಂದೇ ಮೆಡ್ಲಿಯಲ್ಲಿ, ಅಂದರೆ ಬೇರೆಬೇರೆ ಸಂಗೀತದ ತುಣುಕುಗಳ ಜೋಡಣೆಯಲ್ಲಿ, ಬರುತ್ತವೆ. ಸಾಂಬಾ, ರುಂಬಾ, ಜೈವ್ ಲ್ಯಾಟಿನ್ ತಂಡದವರ ಪಾಲು. ನಿಧಾನದ ವಾಲ್ಟ್ಜ್‌ನಲ್ಲಿ ಸಾಲು ತಪ್ಪಿದರೆ ಮೆಲ್ಲಗೆ ಸರಿಮಾಡಿಕೊಳ್ಳಬಹುದು. ವಿಯೆನ್ನೀಸ್ ನಿಮಿಷಕ್ಕೆ ಸುಮಾರು 60 ಬಾರ್ (ಮೂರು ಎಣಿಕೆಯ ತಾಳದ ಒಂದು ಆವರ್ತವೇ ಒಂದು ಬಾರ್). ಸುತ್ತುತ್ತಲೇ ಇರಬೇಕು. ತಪ್ಪಿದರೆ ತಪ್ಪಿದ್ದೇ. ಟ್ಯಾಂಗೊದಲ್ಲಿ ಮೈಯ ಏರಿಳಿತವೇ ಇಲ್ಲ, ತಲೆಯನ್ನು ಥಟ್ಟನೆ ತಿರುಗಿಸಬೇಕು. ಹದಿನಾರು ತಲೆಯಲ್ಲಿ ಒಂದು ತಡವಾದರೂ ಎದ್ದು ಕಾಣುತ್ತದೆ.

ಸಾಲು ಸರಿಯಾಗಿದೆಯಾ ಅಂತ ತಿರುಗಿ ನೋಡೋ ಹಾಗೂ ಇಲ್ಲ. ಹಿಡಿತದಲ್ಲಿ ಇಬ್ಬರ ತಲೆಯೂ ಅವರವರ ಎಡಕ್ಕೇ ಇರುತ್ತದೆ. ನನ್ನ ಬಲಗಡೆಯ ಜೋಡಿ ನನಗೆ ಕಾಣುವುದೇ ಇಲ್ಲ. ಜೊತೆಗಾತಿ ಹಿಂದಕ್ಕೆ ಹೆಜ್ಜೆ ಹಾಕುವವಳು, ಅವಳಿಗೆ ನನ್ನ ಬೆನ್ನ ಹಿಂದಿನದು ಕಾಣುತ್ತದೆ. ಅದಕ್ಕೇ ಈಗ ಒಂದು ಗುಟ್ಟು ಮಾಡಿಕೊಂಡಿದ್ದೇವೆ: ನಾನು ಮುಂದೆ ಹೋದರೆ ಅವಳು ನನ್ನ ತೋಳಿನ ಮೇಲಿಟ್ಟ ಕೈಯ ಹೆಬ್ಬೆರಳನ್ನು ಒತ್ತುತ್ತಾಳೆ. ಮೊದಮೊದಲು ಮೆಲ್ಲಗೆ ಒತ್ತುತ್ತಿದ್ದಳು. ಈಗ ಉಗುರೂ ತಾಗುತ್ತದೆ!

ಮುಂದಿನ ಅಭ್ಯಾಸದಿಂದ ಕೋಚ್ ನಮ್ಮ ಜಾಗ ಬದಲಿಸಿದ್ದಾರೆ. ನಾಲ್ಕು ಜೋಡಿಯ ಸಾಲು ಚಕ್ರದ ಹಾಗೆ ತಿರುಗುವಾಗ ಒಳತುದಿಯವರು ನಿಂತಲ್ಲೇ ಪುಟ್ಟ ಹೆಜ್ಜೆ ಹಾಕುತ್ತಾರೆ, ಹೊರತುದಿಯವರು ಓಡಿದ ಹಾಗೇ. ನಾವಿನ್ನು ಹೊರತುದಿಗೆ. ‘ಅಲ್ಲಿ ಎಷ್ಟು ಉದ್ದ ಬೇಕೋ ಇಡಪ್ಪಾ’ ಅಂದರು.