ಚೋರ್ ಬಜಾರಿನಲ್ಲಿ ಸಿಮ್ಲಾ ಬೀಟ್

ಉದ್ಯಾನ್ ಎಕ್ಸ್‌ಪ್ರೆಸ್ ಮುಂಬೈನ ದಾದರ್ ಮುಟ್ಟಿದಾಗ ಗುರುವಾರ ರಾತ್ರಿ ಊಟದ ಹೊತ್ತು ಮೀರಿತ್ತು. ಮಾಟುಂಗಾದ ಅತ್ತೆ ಮನೆಯಲ್ಲಿ ಕೈಕಾಲು ತೊಳೆದು ಎಲೆ ಮುಂದೆ ಕೂತೆ. "ಈ ಸಲ ಏನು ಕೆಲಸಾನೋ?" ಅಂದರು ಮಾವ. ಹಳೇ ರೆಕಾರ್ಡ್ ಹುಡುಕೋಕೆ ಬಂದೆ ಅಂದೆ. "ಒಂದು ಪ್ಲೇಟಿಗೋಸ್ಕರ ಸಾವಿರ ಕಿಲೋಮೀಟರಾ!" ಅಂತ ನಕ್ಕು ಮಜ್ಜಿಗೆಗೆ ಕೈ ಚಾಚಿದರು.

ನಾನು ಹುಡುಕುತ್ತಿದ್ದದ್ದು 'ಸಿಮ್ಲಾ ಬೀಟ್ 70'. ಸಿಮ್ಲಾ ಅನ್ನೋದು ಇಂಪೀರಿಯಲ್ ಟೊಬ್ಯಾಕೋದವರ ಸಿಗರೇಟು. ಅದರ ಹೆಸರಲ್ಲಿ ದೇಶದ ಬೀಟ್ ಗ್ರೂಪುಗಳಿಗೆ, ಅಂದರೆ ಗಿಟಾರು, ಡ್ರಮ್ಮು ಹಿಡಿದ ಹುಡುಗರ ರಾಕ್ ಬ್ಯಾಂಡುಗಳಿಗೆ, ಸ್ಪರ್ಧೆ ನಡೆಸಿ, ಮುಂದೆ ಬಂದವರ ಹಾಡುಗಳನ್ನು ಎಲ್‌ಪಿ (ದೊಡ್ಡ ರೆಕಾರ್ಡ್) ಮಾಡಿದರು. ಮರುವರ್ಷ '71' ಬಂತು. ಇವುಗಳಲ್ಲಿ ಹಾಡಿದವರು ಶಿಲ್ಲಾಂಗಿನ ಫೆಂಟೋನ್ಸ್, ಕಲ್ಕತ್ತೆಯ ಗ್ರೇಟ್ ಬೇರ್, ಮದರಾಸಿನ ಕನ್ಫ್ಯೂಷನ್ಸ್, ಜೊತೆಗೆ ನಮ್ಮ ಬೆಂಗಳೂರಿನ ಡೈನೋಸಾರ್ಸ್. ಜೆನ್ಯೂಯಿನ್ ಸ್ಪೇರ್ಸ್ ಅಂತಲೂ ಒಂದು ಬ್ಯಾಂಡಿತ್ತು. ಹುಡುಗರು ಮನೆಯ ಗ್ಯಾರೇಜಿನಲ್ಲಿ ಸೇರಿ ಬಾರಿಸುವಂಥ ಒರಟು ಸಂಗೀತಕ್ಕೆ 'ಗ್ಯಾರೇಜ್ ರಾಕ್' ಅಂತಾರೆ; ಬೆಂಗಳೂರಿನ ಜೆ.ಸಿ. ರಸ್ತೆಯ ವಾಹನ ಬಿಡಿಭಾಗದ ಅಂಗಡಿ ಬೋರ್ಡಿನ ಹಾಗಿರುವ ಈ ಹೆಸರಿಗಿಂತ ಅಪ್ಪಟ ಗ್ಯಾರೇಜ್ ರಾಕ್ ಇನ್ನೇನಿದ್ದೀತು?

ಅಮೆರಿಕದಲ್ಲಿ 1972ರಲ್ಲಿ ಸಂಗೀತ ವಿಮರ್ಶಕ ಲೆನ್ನಿ ಕೇ 'ನಗೆಟ್ಸ್' ಅನ್ನೋ ಗ್ಯಾರೇಜ್ ರಾಕ್ ಸಂಕಲನ ಕಟ್ಟುವಷ್ಟರಲ್ಲಿ ಅದರೊಳಗಿನ ಹಾಡುಗಳಿಗೆ ನಾಲ್ಕರಿಂದ ಏಳು ವರ್ಷ ವಯಸ್ಸಾಗಿತ್ತು. ಅಲ್ಲಿ ಮರೆತುಹೋದವರನ್ನು ಹುಡುಕಿ ತಂದರು. ಇಲ್ಲಿ ಹುಡುಗರ ಬೆವರು ಆರುವ ಮೊದಲೇ ಸಂಕಲನ ಸಿದ್ಧ, ಮರೆವು ಆಮೇಲೆ ಬಂತು. ಹಾಗಂತ ಕಂಪನಿಯನ್ನು ಹೊಗಳಬೇಕಿಲ್ಲ, ಅವರಿಗೆ ಸಿಗರೇಟು ಮಾರಬೇಕಿತ್ತು ಅಷ್ಟೆ.

ಶುಕ್ರವಾರ ಬೆಳಿಗ್ಗೆ ಹಳೇ ಸಾಮಾನಿನ ಚೋರ್ ಬಜಾರ್ ಇರುವ ಮಟನ್ ಸ್ಟ್ರೀಟಿಗೆ ಹೋದರೆ ಅಂಗಡಿಗಳ ಷಟರ್ ಕೆಳಗೆ. ಚೋರ್ ಬಜಾರಿಗೆ ಶುಕ್ರವಾರ ರಜೆ ಅನ್ನೋದು ಮರೆತೇಹೋಗಿತ್ತು. ಆದರೆ ಬೀದಿಯ ತುಂಬ ಜುಮ್ಮಾ ಬಜಾರ್, ಅಂದರೆ ಶುಕ್ರವಾರದ ಸಂತೆ: ಒಂಟಿ ಚಪ್ಪಲಿ, ಕಾರಿನ ಸೈಡ್ ಮಿರರ್, ರಿಮೋಟುಗಳ ಗುಡ್ಡೆ. ಪ್ಲಾಸ್ಟಿಕ್ ಹಾಳೆ ಹಾಸಿ ರೆಕಾರ್ಡ್ ಜೋಡಿಸಿದ್ದ ಒಬ್ಬ ಮುದುಕರನ್ನು ಕೇಳಿದೆ.

"ಸಿಮ್ಲಾ ಇದೆಯಾ ಚಾಚಾ?"

"ಶಿಮ್ಲಾ ಮಿರ್ಚಿ ಬೇಕಾದ್ರೆ ಭಾಯಖಳಾ ಮಾರ್ಕೆಟ್ಟಿಗೆ ಹೋಗು."

ಆದರೂ ಕುಕ್ಕರಗಾಲಲ್ಲಿ ಕೂತು ಒಂದೊಂದೇ ತೆಗೆದೆ. ಕವರಿನಿಂದ ಜಾರಿಸಿ, ಅಂಚನ್ನಷ್ಟೇ ಅಂಗೈಗಳ ನಡುವೆ ಹಿಡಿದು, ಬಿಸಿಲಿಗೆ ಓರೆಮಾಡಬೇಕು. ಆಗ ಗೀರು ಮಿಂಚುತ್ತೆ. ಮಳೆಗಾಲ ಕಂಡ ಪ್ಲೇಟಾದರೆ ಬಿಳಿ ಬೂಷ್ಟಿನ ಚುಕ್ಕಿ ಕಾಣುತ್ತೆ. ಬೂಷ್ಟು ತೊಳೆದರೆ ಹೋದೀತು, ಉಗುರಿಗೆ ತಗಲುವ ಗೀರು ಹೋಗಲ್ಲ. ಒಂದು ಗಂಟೆಯಲ್ಲಿ ಹಿಂದಿ ಸಿನಿಮಾದ ಎಲ್‌ಪಿ ನಲವತ್ತಾದರೂ ದಾಟಿರಬೇಕು. ಸಿಮ್ಲಾ ಸಿಗಲಿಲ್ಲ. ಮಂಡಿ ಮಾತ್ರ ಹಿಡಿದುಕೊಂಡಿತು. ಕಾಳಾಘೋಡಾದ ಹಳೇ ಮ್ಯೂಸಿಕ್ ಅಂಗಡಿ ರಿದಮ್ ಹೌಸ್ 2016ರಲ್ಲೇ ಮುಚ್ಚಿತು, ಆ ಕಡೆ ಹೋಗುವ ಮಾತೇ ಇರಲಿಲ್ಲ.

ವಾಪಸು ಬಂದು ರಾಮನಾಯಕರ ಉಡುಪಿ ಬೋರ್ಡಿಂಗಿನಲ್ಲಿ ಎಲೆ ಊಟ. 1942ರಿಂದ ನಡೆಯುತ್ತಿರುವ ಜಾಗ. ಸಾರಿಗೆ ಎರಡನೇ ಸಲ ಕೈ ಒಡ್ಡಿದಾಗ ಬೆಳಗಿನ ಸಿಟ್ಟು ಅರ್ಧ ಇಳಿಯಿತು.

ಸಂಜೆ ಷಣ್ಮುಖಾನಂದ ಹಾಲಿನವರೆಗೆ ನಡೆದೆ, ಮಾವನೂ ಜೊತೆಗೆ ಬಂದರು. ಸ್ಪರ್ಧೆ ನಡೆದದ್ದು ಇಲ್ಲೇ, ಕರ್ನಾಟಕ ಸಂಗೀತದ ರಸಿಕರು ತವರೆಂದು ತಿಳಿದ ಸಭಾಂಗಣದಲ್ಲಿ. 1990ರಲ್ಲಿ ಬೆಂಕಿಗೆ ಸಿಕ್ಕಿ, 1998ರಲ್ಲಿ ಮತ್ತೆ ಬಾಗಿಲು ತೆರೆದ ಕಟ್ಟಡ. ಆ ಹುಡುಗರು ನಿಂತಿದ್ದ ವೇದಿಕೆ ಈಗಿಲ್ಲ. ಒಳಗೆ ಬಿಡಲಿಲ್ಲ, ಕಾಂಪೌಂಡಿನ ಹೊರಗೇ ನಿಂತೆವು.

ಫೋನಿನಲ್ಲಿ ಡೈನೋಸಾರ್ಸ್ ಹಾಡು ಹಾಕಿ ಒಂದು ಇಯರ್‌ಫೋನ್ ಮಾವನ ಕಿವಿಗೆ ಕೊಟ್ಟೆ. ಮೂಲ ಅಮೆರಿಕದ ಬ್ಯಾಂಡ್ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್‌ನವರದು, ಇವರು ತಮ್ಮ ಪಾಡಿಗೆ ಕೆರಳಿ ಬಾರಿಸಿದ್ದಾರೆ. ಗಿಟಾರಿನ ಗೊರಗೊರಕ್ಕೆ ಮಾವ ಮೊದಲು ಮುಖ ಕಿವಿಚಿದರು. ಆಮೇಲೆ ಬಲಗೈ ತಾನಾಗಿ ತೊಡೆಗೆ ಬಂತು. ತಟ್ಟಿದರು, ಬೆರಳೆಣಿಸಿದರು, ತಡೆದರು, ಮತ್ತೆ ಮೊದಲಿಂದ ಹಿಡಿದರು.

"ಆದಿತಾಳವೇ ಕಣೋ. ಆದರೆ ಡೋಲಿನವನು ಸಮದ ಮೇಲೆ, ಮೊದಲ ಎಣಿಕೆಗೆ, ಸುಮ್ಮನಿದ್ದು ಎರಡನೇ ಎಣಿಕೆಗೆ ಬಡೀತಾನಲ್ಲ, ಯಾಕೆ?"

ರಾಕ್‌ನಲ್ಲಿ ಹಾಗೇ ಮಾವ, ಪೆಟ್ಟು ಎರಡಕ್ಕೆ ಮತ್ತು ನಾಲ್ಕಕ್ಕೆ, ಅಂದೆ.

"ಬೇಕಂತಲೇ ಮಾಡ್ತಾನಾ?" ಅಂದವರು ಕೈ ನಿಲ್ಲಿಸಲಿಲ್ಲ. ಗಾಂಧಿ ಮಾರ್ಕೆಟ್ ಸಿಗ್ನಲ್ ಹತ್ತಿರ ಬರುವಷ್ಟರಲ್ಲಿ ಎರಡಕ್ಕೂ ನಾಲ್ಕಕ್ಕೂ ಸರಿಯಾಗಿ ತಟ್ಟುತ್ತಿದ್ದರು.