ಪುಸ್ತಕ ತಪ್ಪಾ, ಥರ್ಮಾಮೀಟರ್ ತಪ್ಪಾ?

"ಮಿಸ್, ಹಂಗಾದ್ರೆ ಪುಸ್ತಕ ತಪ್ಪಾ, ಥರ್ಮಾಮೀಟರ್ ತಪ್ಪಾ?"

ಸೋಮವಾರದಿಂದ ಇದೇ ಮಾತು ತಲೆಯಲ್ಲಿ ಕೂತಿದೆ. ಕೇಳಿದ್ದು ಕೊನೇ ಬೆಂಚಿನ ಹುಡುಗ. ಒಂದು ದಿನವೂ ಹೋಮ್‌ವರ್ಕ್ ತಂದವನಲ್ಲ.

ಎತ್ತರಕ್ಕೆ ಹೋದಂತೆ ಚಳಿ ಜಾಸ್ತಿ, ಸಾವಿರ ಮೀಟರಿಗೆ ಸುಮಾರು 6.5 ಡಿಗ್ರಿ ಇಳಿಯುತ್ತದೆ ಅಂತ ಬೋರ್ಡ್ ಮೇಲೆ ಬರೆದಿದ್ದೆ. ಮುಳ್ಳಯ್ಯನಗಿರಿ 1,930 ಮೀಟರ್, ನಮ್ಮ ಚಿಕ್ಕಮಗಳೂರು ಸುಮಾರು 1,090. ಐದೂವರೆ ಡಿಗ್ರಿ ವ್ಯತ್ಯಾಸ ಅಂತ ಮಕ್ಕಳೇ ಲೆಕ್ಕ ಹಾಕಿದರು. ಎಲ್ಲರನ್ನೂ ಕರೆದುಕೊಂಡು ಹೋಗಲು ಬಸ್ಸಿಗೆ ದುಡ್ಡಿಲ್ಲ. ನಾನೇ ಹೋಗಿ ವಿಡಿಯೋ ತರ್ತೀನಿ ಅಂದೆ. "ಯೂಟ್ಯೂಬಲ್ಲಿ ಸಿಗಲ್ವಾ?" ಅಂದರು ಸ್ಟಾಫ್ ರೂಮಿನಲ್ಲಿ ಒಬ್ಬರು. ಅವರಿಗೆ ಎಲ್ಲವೂ ಅಲ್ಲೇ ಸಿಗುತ್ತದೆ, ಪಾಪ.

ಭಾನುವಾರ ಬೆಳಗ್ಗೆ ಏಳು ಗಂಟೆ. ಗಿರಿಯ ಮೆಟ್ಟಿಲು ಹತ್ತಿ, ಗುಡಿಯ ಪಕ್ಕ ನೆರಳಲ್ಲಿ ಥರ್ಮಾಮೀಟರ್ ಹಿಡಿದೆ. ಕೆಳಗೆಲ್ಲ ಮಂಜು, ಊರೇ ಕಾಣಲ್ಲ. ಬ್ಯಾಗಿನಲ್ಲಿದ್ದ ಚಿಪ್ಸ್ ಪ್ಯಾಕೆಟ್ ದಿಂಬಿನ ಹಾಗೆ ಉಬ್ಬಿತ್ತು. ಗಾಳಿಯ ಒತ್ತಡದ ಪಾಠ ಪುಕ್ಕಟೆ ಸಿಕ್ಕಿತು. ಕೆಂಪು ಗೆರೆ ಮಾತ್ರ 15ಕ್ಕೆ ನಿಂತಿದ್ದು ಕದಲಲಿಲ್ಲ. ಮನೆಗೆ ಫೋನ್ ಮಾಡಿದೆ. ಯಜಮಾನರು ಗೊಣಗುತ್ತಾ ಅಂಗಳದಲ್ಲಿ ಕಟ್ಟಿದ್ದ ಇನ್ನೊಂದನ್ನು ನೋಡಿ "ಹನ್ನೆರಡು" ಅಂದರು. ಕನ್ನಡಕ ಹಾಕ್ಕೊಂಡು ನೋಡಿ ಅಂದೆ. ಮತ್ತೆ ಹನ್ನೆರಡು. ಎರಡನ್ನೂ ಒಂದೇ ಲೋಟದ ನೀರಿನಲ್ಲಿಟ್ಟು, ಸರಿ ಇದೆ ಅಂತ ನೋಡಿಯೇ ಹೊರಟಿದ್ದೆ!

ತಪ್ಪಾ, ತಪ್ಪಾ? ಎರಡೂ ಅಲ್ಲ ಕಣೋ ಅಂದೆ. ಮೋಡವಿಲ್ಲದ ಚಳಿಗಾಲದ ರಾತ್ರಿ ನೆಲ ಬೇಗ ಆರುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ, ಭಾರವಾಗಿ, ನೀರಿನ ಹಾಗೆ ಇಳಿಜಾರು ಹಿಡಿದು ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಬಿಸಿಲೇರಿದ ಮೇಲೆ ಪುಸ್ತಕದ ಲೆಕ್ಕ ಮತ್ತೆ ಹಳಿಗೆ ಬರುತ್ತದೆ. ಬಿಎಸ್ಸಿಯಲ್ಲಿ ಓದಿದ್ದೇ ಇದು. ವರ್ಷ ವರ್ಷ ಅದೇ ಒಂದು ಸಾಲು ಬರೆದೂ ಬರೆದೂ ಉಳಿದದ್ದನ್ನು ಮರೆತಿದ್ದೆ.

ಆಗ, ಯಾವತ್ತೂ ಬಾಯಿ ಬಿಡದ ಹುಡುಗಿಯೊಬ್ಬಳು ಎದ್ದಳು. "ನಂಗೊತ್ತಿತ್ತು ಮಿಸ್. ತೋಟದ ಆಳುಗಳ ಲೈನ್ ಮನೆ ನಮ್ದು, ಹಳ್ಳದ ಪಕ್ಕ. ಅಲ್ಲೇ ಜಾಸ್ತಿ ಚಳಿ. ಸಾವ್ಕಾರ್ರ ಬಂಗ್ಲೆ ಮೇಲಿದೆ, ಅಲ್ಲಿ ಅಷ್ಟಿಲ್ಲ. ಕಣಾನೂ ಮೇಲೇನೇ. ಕೆಳಗೆ ಮಾಡಿದ್ರೆ ಮಂಜಿಗೆ ಕಾಫಿ ಒಣಗಲ್ವಂತೆ."

ಕಾಫಿ ಒಣಗಬೇಕು, ನಿಜ. ಆ ತೋಟದ ಮುಂದೆ ಎಷ್ಟು ಸಲ ಬಸ್ಸಿನಲ್ಲಿ ಹೋಗಿದ್ದೇನೆ. ಹಳ್ಳದ ಮೇಲೆ ನಿಂತ ಮಂಜು ಚೆಂದ ಅಂತ ಫೋಟೋನೂ ತೆಗೆದಿದ್ದೇನೆ. ಅದರೊಳಗೆ ಅವಳ ಮನೆ ಇತ್ತು.

ಒಡೆದರೆ ನನ್ನ ತಲೆ ಮೇಲೆ ಅಂದುಕೊಂಡು ಲ್ಯಾಬಿನ ಥರ್ಮಾಮೀಟರನ್ನು ಅವಳ ಕೈಗೆ ಕೊಟ್ಟು ಕಳಿಸಿದೆ. ಬುಧವಾರ ಚೀಟಿ ತಂದಳು. ಲೈನ್ 10, ಬಂಗ್ಲೆ 13, ಕಣ 13.